ಇಟ್ಟಿಗೆ ಆಟದ ನಾಬು

ತುಮಕೂರಿನ ಬಸ್ ಸ್ಟ್ಯಾಂಡ್ ಹಿಂದಿದ್ದ ವಿಡಿಯೊ ಗೇಮ್ ಅಂಗಡಿಯಲ್ಲಿ ಹನ್ನೊಂದು ವರ್ಷ ಕಸ ಗುಡಿಸಿದವಳು ನಾನು. ಓದಿದ್ದು ಎರಡನೇ ಕ್ಲಾಸು. ಆದರೆ ಅಲ್ಲಿದ್ದ, ಬ್ಯಾಟಿನಿಂದ ಚೆಂಡು ಹೊಡೆದು ಇಟ್ಟಿಗೆ ಒಡೆಯುವ ಆಟದ ಪೆಟ್ಟಿಗೆಯ ಒಂದೊಂದು ಸ್ಕ್ರೂ ಕೂಡ ನನಗೆ ಗೊತ್ತು. ಕೆಟ್ಟಾಗ ರಿಪೇರಿಯವನ ಪಕ್ಕದಲ್ಲಿ ಕೂತು ಕಲಿತದ್ದು. ದಿನಾ ಬೆಳಿಗ್ಗೆ ಗಾಜು ಒರೆಸಿ, ಒಂದು ಆಟ ಆಡಿಯೇ ಪೊರಕೆ ಹಿಡಿಯುತ್ತಿದ್ದೆ.

ಅಂಗಡಿ ಮುಚ್ಚಿದಾಗ ಆ ಪೆಟ್ಟಿಗೆಯನ್ನು ಗುಬ್ಬಿಯ ಕೊಬ್ಬರಿ ವ್ಯಾಪಾರಿ ಮೂಡಲಗಿರಿಯಪ್ಪನವರು ಕೊಂಡು ತಮ್ಮ ಮಂಡಿಯಲ್ಲಿಟ್ಟರು. ಈ ವರ್ಷ ಕಾಲೇಜಿನ ಹುಡುಗಿ ಶ್ರೀವಾಣಿ ಹಳೆಯ ಆಟಗಳ ಪ್ರದರ್ಶನಕ್ಕೆಂದು ಅದನ್ನು ತುಮಕೂರಿಗೆ ತರಿಸಿದಳು. ಇಟ್ಟಿಗೆಗಳ ಬಣ್ಣ ಹೇಗಿತ್ತು ಎಂದು ಕೇಳಲು ನಾನೀಗಿರುವ ಕುಣಿಗಲ್‌ಗೆ ಬಂದವಳು ನನ್ನನ್ನೇ ಕರೆದುಕೊಂಡು ಹೋದಳು.

ಬಣ್ಣ ಪೆಟ್ಟಿಗೆಯೊಳಗೆ ಇರಲೇ ಇಲ್ಲ ಎಂದೆ. ಚಿತ್ರ ಕಪ್ಪು ಬಿಳುಪು. ಗಾಜಿಗೆ ಅಂಟಿಸಿದ ಬಣ್ಣದ ಪಟ್ಟಿಗಳಿಂದ ಇಟ್ಟಿಗೆಗೆ ಬಣ್ಣ. ಮೇಲಿಂದ ಕೆಂಪು, ಕಿತ್ತಳೆ, ಹಸಿರು, ಹಳದಿ. ಆಮೇಲೆ ಬಂದ ಪೆಟ್ಟಿಗೆಗಳಲ್ಲಿ ಒಡೆದ ಇಟ್ಟಿಗೆಯಿಂದ ಬಹುಮಾನ ಉದುರುತ್ತಿತ್ತು, ಬ್ಯಾಟು ಉದ್ದವಾಗುತ್ತಿತ್ತು. ಈಗ ಅದೇ ಆಟ ನನ್ನ ಮೊಮ್ಮಗಳ ಮೊಬೈಲಿನಲ್ಲಿದೆ. ಶ್ರೀವಾಣಿ ಎಲ್ಲ ಬರೆದುಕೊಂಡಳು.

ತೊಂದರೆ ಬೇರೆಯೇ ಇತ್ತು. ಬ್ಯಾಟನ್ನು ಎಡಬಲ ಸರಿಸುವ ದುಂಡು ನಾಬು ತಿರುಗಿಸಿದರೆ ಬ್ಯಾಟು ಕುಪ್ಪಳಿಸುತ್ತಿತ್ತು. ಮೂರು ಗಂಟೆಗೆ ಪ್ರದರ್ಶನ ಶುರು. ನಾಬು ಕಿತ್ತು ಎರಡು ಬಟನ್ ಕೂರಿಸೋಣ ಎಂದು ಅವಳ ಜೊತೆಗಾರ ಅನಿಕೇತ್ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ.

"ಬಟನ್ ಇಟ್ರೆ ಬ್ಯಾಟು ಓಡುತ್ತೆ ಕಣಪ್ಪ, ಕೈ ಮಾತು ಕೇಳಲ್ಲ. ನಂಗೊಂದು ಗಂಟೆ ಕೊಡು," ಎಂದೆ.

"ಬಿಚ್ಚಿದ್ಮೇಲೆ ಜೋಡ್ಸೋಕ್ ಬರುತ್ತಾ ಅಜ್ಜಿ?"

"ನೀನು ಹುಟ್ಟೋಕ್ ಮುಂಚೆನೇ ಜೋಡ್ಸಿದೀನಿ."

ನಾಬು ಬಿಚ್ಚಿ ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆ. ಪೆಟ್ಟಿಗೆಯ ಜೊತೆ ಬಂದು ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಮೂಡಲಗಿರಿಯಪ್ಪನವರನ್ನು ಕೇಳಿದೆ. ಪ್ರತಿ ಆಯುಧಪೂಜೆಗೂ ತಕ್ಕಡಿ, ಮಚ್ಚುಗಳ ಜೊತೆ ಇದಕ್ಕೂ ಕುಂಕುಮವಿಟ್ಟು, ನಾಬಿನ ಸಂದಿಗೆ ನಾಲ್ಕು ಹನಿ ಎಣ್ಣೆ ಬಿಡುತ್ತಿದ್ದರಂತೆ. ಅದಕ್ಕೆ ಮಂಡಿಯ ಧೂಳು ಸೇರಿ ಒಳಗೆ ಕರೆಂಟು ಹರಿಯುವ ಕರಿ ಪಟ್ಟಿಯ ಮೇಲೆ ಜಿಡ್ಡು ಕೂತಿತ್ತು.

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಒಣಗಲು ಬಿಟ್ಟು ಮತ್ತೆ ಒರೆಸಿದೆ. ಜೋಡಿಸಿ, ಎಡಕ್ಕೂ ಬಲಕ್ಕೂ ನೂರು ಸಲ ತಿರುಗಿಸಿದೆ. ಅನಿಕೇತ್ ಗಡಿಯಾರ ನೋಡುತ್ತಲೇ ಇದ್ದ.

ಸ್ವಿಚ್ ಹಾಕಿದರೆ ಬ್ಯಾಟು ಎಲ್ಲೂ ನಡುಗದೆ ಕೈ ಹಿಂದೆಯೇ ಬಂತು. ಚೆಂಡನ್ನು ಬ್ಯಾಟಿನ ಅಂಚಿಗೆ ತಾಗಿಸಿ ತಾಗಿಸಿ, ಇಟ್ಟಿಗೆ ಗೋಡೆಯ ಎಡಮೂಲೆಯಲ್ಲಿ ಒಂದು ಸಂದು ಕೊರೆದೆ. ಚೆಂಡು ಅದರಲ್ಲಿ ನುಗ್ಗಿ, ಗೋಡೆಯ ಮೇಲಿನಿಂದ ತಾನೇ ಇಟ್ಟಿಗೆ ಉದುರಿಸತೊಡಗಿತು. ನಾನು ನಾಬಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡೆ. ಅನಿಕೇತ್ ಬಟನ್ನುಗಳನ್ನು ಜೇಬಿಗೆ ಹಾಕಿಕೊಂಡ.

"ನಾನೇ ಹಾಳ್ ಮಾಡ್ಬುಟ್ಟಿದ್ನಲ್ಲ ಹನುಮಕ್ಕ," ಎಂದರು ಮೂಡಲಗಿರಿಯಪ್ಪ.

"ಇಷ್ಟು ವರ್ಷ ಕಾಪಾಡಿದ್ದೂ ನೀವೇ ಅಲ್ವಾ. ಕುಂಕುಮ ಇಡಿ. ಎಣ್ಣೆ ಮಾತ್ರ ನಿಮ್ ತಲೆಗೆ ಹಚ್ಕೊಳಿ."

ಅವರು ಬೋಳುತಲೆ ಸವರಿಕೊಂಡು ನಕ್ಕರು.

ಮೂರು ಗಂಟೆಗೆ ಬಾಗಿಲು ತೆರೆದಾಗ ನನಗೆ ಕುರ್ಚಿಯಲ್ಲಿ ಕೂರಲು ಹೇಳಿದರು. ಕೂರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ನಿಂತೆ. ಮೊದಲು ಬಂದ ಹುಡುಗಿ ನಾಬನ್ನು ಗಟ್ಟಿಯಾಗಿ ಹಿಡಿದಳು. ಅವಳ ಬೆರಳು ಸಡಿಲಿಸಿ, ಮೆಲ್ಲಗೆ ತಿರುಗಿಸುವುದನ್ನು ಹೇಳಿಕೊಟ್ಟೆ.