ಸೆಟಿಗೆವ್ವ ಬರುವ ಮೊದಲು

ಕಬ್ಬಿನ ಟ್ರ್ಯಾಕ್ಟರ್ ಒಂದು, ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು, ಮೂರಾದವೋ ನಾಲ್ಕೋ, ಬಸ್ಸಿನ ಕಿಟಕಿಯಲ್ಲಿ ಎಣಿಸುತ್ತ ಎಣಿಸುತ್ತ ಶೇವಂತಿಗೆ ಲೆಕ್ಕ ತಪ್ಪಿತು, ತಪ್ಪಲಿ, ಸುಡುಗಾಡು ಟ್ರ್ಯಾಕ್ಟರ್ ಎಷ್ಟಾದರೇನು, ಕೂಸು ಹುಟ್ಟಿ ಮೂರು ದಿನವೋ ನಾಲ್ಕೋ ಅದನ್ನು ಹೇಳುವವರು ಯಾರು, ಮಡಿಲಲ್ಲಿ ಕೂಸು ಬಾಯಿ ತೆರೆಯಿತು, ಹಲ್ಲಿಲ್ಲದ ಕೆಂಪು ಬಾಯಿ, ಮತ್ತೆ ಮುಚ್ಚಿತು. ಹುಟ್ಟಿದ್ದು ಸೋಮವಾರ ಕೋಳಿ ಕೂಗುವ ಹೊತ್ತಿಗೆ, ಆದರೆ ಅವ್ವ ಸತ್ಯವ್ವನ ಲೆಕ್ಕವೇ ಬೇರೆ, ಹೊತ್ತ ಹುಟ್ಟೂತನಾ ಹಿಂದಿನ ದಿನಾನ ಬೇ, ಇದು ರವಿವಾರದ ಕೂಸು, ಹಾಗಾದರೆ ರವಿವಾರ ಒಂದು, ಸೋಮವಾರ ಎರಡು, ಇವತ್ತು ಬುಧವಾರ ನಾಲ್ಕು, ಅಯ್ಯೋ ನಾಲ್ಕು! ಜಮಖಂಡಿ ದವಾಖಾನೆಯ ಸರಿತಾ ಮೇಡಂ ಏಳು ತಿಂಗಳಿದ್ದಾಗ ಕೂರಿಸಿಕೊಂಡು ಹೇಳಿದ್ದು ಮೂರೇ ದಿನ, ನಿನ್ನ ರಕ್ತದಾಗಿನ ಎಚ್‌ಐವಿ ಕೂಸಿಗಿ ದಾಟಬಾರದಂದ್ರ ಬ್ಯಾನಿ ಸುರು ಆದ ಕೂಡಲೇ ಈ ಗುಳಿಗಿ ನುಂಗು, ಮೂರ ದಿನದೊಳಗ ಕೂಸಿನ ಬಾಯಾಗ ಔಷಧ ಬೀಳಬೇಕು, ದವಾಖಾನಿಗೇ ಬಂದು ಹಡಿ. ಬರುವವಳೇ ಇದ್ದಳು, ಆದರೆ ಚೊಚ್ಚಲೆಂದು ತವರು ಚಿಮ್ಮಡಕ್ಕೆ ಹೋದವಳಿಗೆ ಬೇನೆ ಹದಿನೈದು ದಿನ ಮೊದಲೇ ಬಂತು, ಮನೆಯಲ್ಲೇ ಹೆರಿಗೆ, ಬಳೆ ಡಬ್ಬಿಯಲ್ಲಿ ಬಚ್ಚಿಟ್ಟ ಗುಳಿಗೆ ನುಂಗಿದಳು, ನುಂಗಿದ್ದು ಖರೆ, ಆಮೇಲೆ ವಾಂತಿಯಾಯಿತಲ್ಲ, ಗುಳಿಗೆಯೂ ಅದರೊಟ್ಟಿಗೇ ಹೋಯಿತೋ, ಹೊಟ್ಟೆಯಲ್ಲಿ ಉಳಿಯಿತೋ, ಬರೇ ಎದಿಹಾಲು ಕುಡಸು ಅಂದಿದ್ದರು ಮೇಡಂ, ಅವ್ವ ನೋಡನೋಡುತ್ತಿದ್ದಂತೆ ಬೆರಳಿಗೆ ಜೇನು ಹಚ್ಚಿ ನಾಲಿಗೆಗೆ ಸವರಿಬಿಟ್ಟಳು, ಬೇಡವೆಂದರೆ ಯಾಕೆ ಅನ್ನುತ್ತಾಳೆ, ಯಾಕೆಂದು ಹೇಳುವಂತಿಲ್ಲ, ನಿಮ್ಮವ್ವನ ಮುಂದಂತೂ ಬಾಯಿ ಬಿಡಬ್ಯಾಡ ಎಂದು ಗಂಡ ದುರಗೇಶ ಆಣೆ ಹಾಕಿಸಿದ್ದಾನೆ, ಬನಹಟ್ಟಿಯ ಮಗ್ಗದ ಸಪ್ಪಳದಲ್ಲಿ ಅವನಿಗೆ ಯಾರ ಅಳುವೂ ಕೇಳುವುದಿಲ್ಲ, ರೋಗ ತಂದು ಹಚ್ಚಿದವನೇ ಆಣೆ ಹಾಕಿಸುತ್ತಾನೆ, ಸಿಟ್ಟು ಬರುತ್ತದೆ, ಅಳು ಬರುತ್ತದೆ, ಅವನು ಉಂಡನೋ ಇಲ್ಲವೋ ಅಂತಲೂ ಅನಿಸುತ್ತದೆ, ಥೂ ಇದರ.

ಐದನೆಯ ದಿನ ಸೆಟಿಗೆವ್ವ ಬಂದು ಹಣೆಬರಹ ಬರೆಯುವ ತನಕ ಬಾಣಂತಿ ಹೊಸ್ತಿಲು ದಾಟುವಂತಿಲ್ಲ, ಅಕಿ ಬಂದು ಖಾಲಿ ತೊಟ್ಟಲಾ ನೋಡಿ ಹೊಳ್ಳಿ ಹ್ವಾದ್ರ ಏನ ಮಾಡ್ತೀ ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು, ಕೂಸಿಗಿ ಕಾಮಾಲಿ ಆಗೇತಿ ಬೇ, ಅಕಿ ಬರೂದ್ರಾಗ ಬರ್ತೀನಿ ಎಂದು ಸುಳ್ಳು ಹೇಳಿ ಶೇವಂತಿ ದಾಟಿಯೇಬಿಟ್ಟಳು, ಹಣೆಬರಹ ಬರೆಯುವಾಕಿ ಮೊದಲೇ ಬರೆದಿದ್ದರೆ? ಬಯ್ಯುತ್ತ ಬಯ್ಯುತ್ತ ಕೂಸಿನ ತಲೆಯ ಕುಲಾಯಿ ಹಿಡಿದು ಹಿಂದೆ ಓಡಿಬಂದ ಅವ್ವ ಈಗ ಮಗ್ಗುಲಲ್ಲೇ ಕೂತಿದ್ದಾಳೆ, ಮತ್ತೆ ಆ ಕೆಂಪು ಬಾಯಿ, ಹಸಿದಿದೆ, ಬಸ್ಸು ನಿಂತಿತು, ಜಮಖಂಡಿ, ದವಾಖಾನೆಯ ಪಡಸಾಲೆ, ಹುಟ್ಟಿದ ಹೊತ್ತು ಕೇಳಿ ಸರಿತಾ ಮೇಡಂ ಬೆರಳು ಮಡಚುತ್ತಾರೆ, ಹೊತ್ತ ಹುಟ್ಟೂದ ಬಿಡ, ತಾಸ ಎಣಸು, ಎಪ್ಪತ್ತೆರಡ ತಾಸಿನೊಳಗ ಬೇಕು, ಐವತ್ತೆಂಟ ಆಗ್ಯಾವು, ಹಾಗಾದರೆ ಮೀರಿಲ್ಲವೇ, ವಾಂತಿ ಆಗಿತ್ರಿ ಎಂದು ಪಿಸುಗುಟ್ಟಿದಳು, ಮೇಡಂ ಔಷಧದ ಚೀಟಿ ಬರೆದರು, ಕೂಸಿಗಿ ಹಾಕೂಣು, ಖಾತ್ರಿ ಆಗೂದು ಹದಿನೆಂಟ ತಿಂಗಳ ಆದ ಮ್ಯಾಲ ರಕ್ತ ನೋಡಿದಾಗ. ಹದಿನೆಂಟು ತಿಂಗಳು, ಅಷ್ಟೂ ದಿನ ಹೀಗೇ ಎಣಿಸುವುದೇ, ಔಷಧ ಬಂತು, ಕೂಸು ಬಾಯಿ ಬಿಗಿದುಕೊಂಡಿತು, ಇಷ್ಟು ಹೊತ್ತು ತೆರೆದದ್ದು ಈಗ ಬಿಗಿದುಕೊಂಡಿತು, ತಾ ಇಲ್ಲಿ ಎಂದು ಅವ್ವ ಕೂಸನ್ನು ಕಸಿದುಕೊಂಡು ಗಲ್ಲ ಒತ್ತಿದಳು, ಕಾಮಾಲಿ ಆದ ಕೂಸು ಇಷ್ಟ ಕೆಂಪಗ ಇರ್ತೈತೇನ ಹುಚ್ಚಿ, ನಾ ಏನ ಕೇಳೂದಿಲ್ಲ, ಹಾಕ್ರಿ ಬಾಯಾರ ಎಂದು ಮೇಡಂ ಕಡೆ ತಿರುಗಿದಳು. ಅವ್ವಗೆ ಏನು ಗೊತ್ತು, ಎಷ್ಟು ಗೊತ್ತು, ಹನಿ ಬಿತ್ತು, ಪುಟ್ಟ ನಾಲಿಗೆ ಅದನ್ನು ಹೊರಗೆ ನೂಕಿತು, ಶೇವಂತಿ ಬೆರಳ ತುದಿಯಿಂದ ಒಳಗೆ ತಳ್ಳಿದಳು, ಮತ್ತೆ ನೂಕಿತು, ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ನುಂಗು ನನ್ನಪ್ಪಾ ನುಂಗು, ಕೆಂಪು ಬಾಯಿ ತೆರೆದೇ ಇದೆ, ತುಟಿಯ ಮೇಲೆ ಒಂದು ಹನಿ, ಬಾಯಿ ತೆರೆದೇ ಇದೆ, ತುಟಿಯ ಮೇಲೆ ಒಂದು ಹನಿ