ತಿಂದೆ ಅಂದರೆ ಒತ್ತಬೇಕು

ಗಂಡಸರನ್ನು ಒಳಗೆ ಬಿಡದ ಸಮಾರಂಭಗಳಿಗೆ ತಪ್ಪದೆ ಹಾಜರಾಗುವ ಗಂಡಸು ಇಡೀ ಕಾಮ್ಠಿ ಊರಿನಲ್ಲಿ ನಾನೊಬ್ಬನೇ ಇರಬೇಕು. ಸಂಕ್ರಾಂತಿ ಕಳೆದರೆ ರಥಸಪ್ತಮಿಯವರೆಗೆ ಇಲ್ಲಿ ಮನೆಮನೆಯಲ್ಲೂ ಅರಿಶಿನ ಕುಂಕುಮ. ನನ್ನ ಹೆಂಡತಿ ಕೃಷ್ಣವೇಣಿ ಇಳಕಲ್ ಸೀರೆ ಉಟ್ಟು ಒಳಗೆ ಹೋಗುತ್ತಾಳೆ. ನಾನು ಹೊರಗೆ, ಆ ಮನೆಯ ಕಿಟಕಿಯ ಕೆಳಗೆ, ಸ್ಕೂಟರ್ ಮೇಲೆ ಫೋನ್ ಹಿಡಿದು ಕೂರುತ್ತೇನೆ. ಗುರುತಿಲ್ಲದವರು ನೋಡಿದರೆ ಪೊಲೀಸರಿಗೆ ಹೇಳಬೇಕು, ಹಾಗೆ.

ಕಾರಣ ಅವಳ ಸೊಂಟದಲ್ಲಿದೆ. ಎರಡು ವರ್ಷದ ಹಿಂದೆ ಆಪರೇಷನ್ ಮಾಡಿ ಅವಳ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರು. ಅಂದಿನಿಂದ ಅಂಗೈಯಗಲದ ಒಂದು ಪಂಪು ಅವಳ ಮೈಗೆ ಇನ್ಸುಲಿನ್ ಬಿಡುತ್ತದೆ. ತೋಳಿಗೆ ಅಂಟಿಸಿದ ಬಿಲ್ಲೆ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಹೇಳುತ್ತದೆ. ಎರಡಕ್ಕೂ ಯಜಮಾನ ಫೋನು. ಅವಳು ಏನು ತಿಂದರೂ ಅದನ್ನು ಫೋನಿನಲ್ಲಿ ನಮೂದಿಸಿ ಒತ್ತಬೇಕು, ಆಗ ಪಂಪು ತಕ್ಕಷ್ಟು ಔಷಧಿ ಬಿಡುತ್ತದೆ. ವೇಣಿಗೆ ಕಣ್ಣು ಮಂಜು. ಒಮ್ಮೆ ನಾಲ್ಕರ ಬದಲು ನಲವತ್ತು ಒತ್ತಲು ಹೋಗಿದ್ದಳು. ಅಂದೇ ಫೋನು ನನ್ನ ಜೇಬು ಸೇರಿತು. ಅದು ಪಂಪಿನಿಂದ ದೂರವಾದರೆ ಕೆಲಸ ಮಾಡುವುದಿಲ್ಲ, ಹಾಗಾಗಿ ನಾನೂ ದೂರ ಹೋಗುವಂತಿಲ್ಲ.

ವಾಯುಸೇನೆಯ ಉಗ್ರಾಣ ನೋಡಿಕೊಂಡು ನಿವೃತ್ತನಾದವನು ನಾನು. ಆ ಡ್ಯೂಟಿಗೆ ರಜೆಯಾದರೂ ಇತ್ತು. ಊಟಕ್ಕೆ ಮುಂಚೆ ಒತ್ತು, ಏರಿದರೆ ಒತ್ತು, ಇಳಿದರೆ ಬೆಲ್ಲ ತಿನ್ನಿಸು, ನಿದ್ದೆಯಲ್ಲಿ ಅದು ಬಡಿದುಕೊಂಡರೆ ಎದ್ದು ನೋಡು. ಸಾಕುಸಾಕಾಗಿತ್ತು. ಈ ವರ್ಷ ಎಲ್ಲಿಗೂ ಹೋಗೋದು ಬೇಡ ಅಂದೆ. "ಮಂದಿ ಮುಖ ನೋಡಿ ಎಷ್ಟ ದಿನಾ ಆತು ನೋಡ್ರಿ," ಅಂದಳು. ಇನ್ನೇನು ಹೇಳುವುದು, ಸ್ಕೂಟರ್ ತೆಗೆದೆ.

ನಮ್ಮ ಏರ್ಪಾಡು ಸರಳ. ಅವಳು ತಿಂದ ಮೇಲೆ ಕಿಟಕಿಯಿಂದ ಕೂಗಬೇಕು, ನಾನು ಒತ್ತಬೇಕು.

"ತಿಂದೇರಿ!"

"ಎಷ್ಟು?"

"ಒಂದು ಎಳ್ಳುಂಡಿ, ಅರ್ಧ ಹೋಳಿಗಿ!"

ಒಳಗಿದ್ದ ಹೆಂಗಸರೆಲ್ಲ ನಗುತ್ತಿದ್ದರು. ನಾನು ಒತ್ತುತ್ತಿದ್ದೆ. ಅವತ್ತು ಮೊದಲನೇ ಮನೆಯಲ್ಲೂ ಹೀಗೆ, ಎರಡನೆಯದರಲ್ಲೂ ಹೀಗೆ.

ಮೂರನೆಯದು ಚಾರುಲತಾ ಬಾಯಿಯ ಮನೆ. ಅಲ್ಲೂ ಕೂಗಿದಳು, ಅಲ್ಲೂ ಒತ್ತಿದೆ. ಬಿಸಿಲಿಗೆ ಕಣ್ಣು ಎಳೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಫೋನು ಅರಚಿಕೊಂಡಿತು. ನೋಡಿದರೆ ಸಕ್ಕರೆ ಐವತ್ತೆಂಟು, ಎಪ್ಪತ್ತರ ಕೆಳಗಿಳಿದರೇ ಅಪಾಯ, ಬಾಣ ಬೇರೆ ಕೆಳಮುಖ. ಇಷ್ಟೆಲ್ಲ ಸಿಹಿ ತಿಂದವಳಿಗೆ ಇಳಿಯುವುದು ಹೇಗೆ? ಹಾಳು ಮಷೀನು ಮತ್ತೆ ಕೈಕೊಟ್ಟಿತು ಎಂದು ಬೈದುಕೊಂಡೆ. ಅದು ಇನ್ನೊಮ್ಮೆ ಅರಚಿತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದೆ.

ಹೆಂಗಸರು ಸರ್ರನೆ ಸೆರಗು ಸರಿಮಾಡಿಕೊಂಡರು. ವೇಣಿ ದಿವಾನ್ ಮಂಚದ ಮೇಲೆ ಕೂತು ನಗುತ್ತಿದ್ದಳು. ಹಣೆಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು. ಚಾರುಲತಾ ಬಾಯಿ ಏನೋ ಕೇಳುತ್ತಿದ್ದರೆ ಇವಳು ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದಳು. ಗ್ಲೂಕೋಸ್ ಪುಡಿಗೆಂದು ಅವಳ ಚೀಲಕ್ಕೆ ಕೈಹಾಕಿದೆ. ಸಿಕ್ಕಿದ್ದು ಎಳ್ಳುಂಡೆಗಳು, ಕಾಗದದಲ್ಲಿ ಸುತ್ತಿದ ಹೋಳಿಗೆ ಚೂರುಗಳು. ಮೂರೂ ಮನೆಯವು, ಒಂದೂ ಕಚ್ಚಿರಲಿಲ್ಲ. ಯೋಚಿಸುವ ಹೊತ್ತಲ್ಲ ಅದು. ಒಂದನ್ನು ಪುಡಿಮಾಡಿ ಬಾಯಿಗಿಟ್ಟೆ. ಚಾರುಲತಾ ಬಾಯಿ ಓಡಿಹೋಗಿ ಸಕ್ಕರೆ ನೀರು ತಂದರು, ಪುಣ್ಯಾತ್ಗಿತ್ತಿ.

ಅವಳ ಮಾತು ನೆಟ್ಟಗಾದ ಮೇಲೆ ಹೊರಗೆ ಕರೆತಂದು ಜಗಲಿಯ ಮೇಲೆ ಕೂರಿಸಿದೆ. ಹೆದರಿಕೆ ಇಳಿದು ಸಿಟ್ಟು ಏರಿತ್ತು.

"ತಿಂದೆ ತಿಂದೆ ಅಂತ ಯಾಕ ಒದರಿದಿ?"

"ಅವರು ಎದುರಿಗೇ ನಿಂತಿದ್ರು. ಕೊಟ್ಟದ್ದು ತಿನ್ನಲಿಲ್ಲ ಅಂದ್ರ ಬ್ಯಾಸರ ಮಾಡ್ಕೋತಾರ."

"ಹಂಗಾರ ತಿನ್ನಬೇಕಿತ್ತು! ಒತ್ತಾಕ ನಾ ಕುಂತೀನಲ್ಲ ಹೊರಗ?"

ಅವಳು ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡಳು. "ತಿಂದ್ರ ಏರ್ತದ. ಏರಿದ್ರ ನಿಮ್ಮ ಮುಖ ನೋಡಾಕ ಆಗಂಗಿಲ್ರಿ."

"ನಾ ಯಾವತ್ತರ ಬೈದೀನೇನ?"

"ಬೈದಿದ್ರ ಚಲೋ ಇತ್ತು. ಫೋನ್ ನೋಡ್ತೀರಿ, ಉಸಿರು ಬಿಡ್ತೀರಿ, ಮಾತಾಡದ ಒತ್ತತೀರಿ."

ಆಗ ನನಗೆ ಇನ್ನೊಂದು ಅನುಮಾನ ಹುಟ್ಟಿತು. ಕೇಳಬಾರದಿತ್ತು ಅನಿಸಿದರೂ ಕೇಳಿದೆ.

"ವೇಣಿ, ಮನ್ಯಾಗೂ ಹಿಂಗ ಮಾಡ್ತಿದ್ದಿಯೇನ?"

ಅವಳು ರಸ್ತೆಯ ಕಡೆ ನೋಡಿದಳು. "ದಿನಾ ಅಲ್ಲ. ರಾತ್ರಿ ಎರಡನೇ ಚಪಾತಿ ಒಂದೊಂದ ದಿನ ಹಿತ್ತಲದಾಗ ನಾಯಿಗೆ ಹಾಕ್ತೀನಿ."

ರಾತ್ರಿ ಸಕ್ಕರೆ ಪಾತಾಳಕ್ಕಿಳಿಯುತ್ತದೆ ಎಂದು ಡಾಕ್ಟರ ಹತ್ತಿರ ಮತ್ತೆಮತ್ತೆ ಸೆಟ್ಟಿಂಗ್ ಬದಲಿಸಿಕೊಂಡು ಬಂದಿದ್ದೆ. ಪಂಪಿನವರ ಜೊತೆ ಫೋನಿನಲ್ಲಿ ಕೂಗಾಡಿದ್ದೆ. ನಾಯಿ ತಿಂದ ಚಪಾತಿಗೆ ಇವಳ ಮೈಗೆ ಔಷಧಿ ಬಿಟ್ಟವನು ನಾನು. ಆಮೇಲೆ ಎದ್ದು ಬೆಲ್ಲ ತಿನ್ನಿಸಿ, ಉಳಿಸಿಕೊಂಡೆ ಎಂದು ಬೀಗುತ್ತಿದ್ದವನೂ ನಾನೇ.

ಫೋನು ನೋಡಿದೆ. ಸಕ್ಕರೆ ಎಪ್ಪತ್ತರ ಮೇಲೆ ಬಂದಿತ್ತು. ಆದರೆ ತಿನ್ನದ ತಿಂಡಿಗೆ ಒತ್ತಿದ ಔಷಧಿ ಇನ್ನೂ ಅವಳ ಮೈಯಲ್ಲಿತ್ತು, ಮತ್ತೆ ಇಳಿಯುವುದು ಖಂಡಿತ. ಚೀಲದಿಂದ ಇನ್ನೊಂದು ಎಳ್ಳುಂಡೆ ತೆಗೆದು ಕೊಟ್ಟೆ.

ಅವಳು ಅದನ್ನು ತುಟಿಯವರೆಗೆ ಒಯ್ದು, ನಿಲ್ಲಿಸಿ, ನನ್ನ ಮುಖ ನೋಡಿದಳು. ನಗಲು ನೋಡಿದೆ. ಬರಲಿಲ್ಲ.

"ದಣದೀನಿ ವೇಣಿ," ಅಂದೆ. "ಮುಖ ಹಿಂಗ ಇರತದ. ನಿನ್ನ ಮ್ಯಾಲಿನ ಸಿಟ್ಟಲ್ಲ ಅದು. ನೀ ತಿನ್ನು."

"ನಾನೂ ದಣದೀನ್ರಿ," ಅಂದಳು. ಆಮೇಲೆ ನನ್ನ ಮುಖ ನೋಡುತ್ತಲೇ ಕಚ್ಚಿದಳು.