ತಡಿ, ಬಂದೆ

ದೇವಿದಾಸ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಆದರೂ ಬೆಳಿಗ್ಗೆ ಕೇರಿಯನ್ನು ಎಬ್ಬಿಸುವ ಕೆಲಸವನ್ನು ಅವನು ಬಿಟ್ಟಿರಲಿಲ್ಲ. ರೋಷನನ ರಿಕ್ಷಾದ ನೆತ್ತಿಗೆ ಕಟ್ಟಿದ ಧ್ವನಿವರ್ಧಕದಿಂದ ಅವನ ದನಿ ಹಟ್ಟಿಕೇರಿಯ ತಿರುವಿನಲ್ಲಿ ಹುಟ್ಟಿ, ಒಣಮೀನಿನ ಚಪ್ಪರಗಳನ್ನು ದಾಟಿ, ಕಡಲಿನ ತನಕ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗುತ್ತಿತ್ತು.

"ಬಂಧುಗಳೇ, ಈ ಬಂದರು ಆದ್ರೆ ನಮ್ಮ ದಂಡೆ ನಮ್ಗಿಲ್ಲ. ಎಲ್ರೂ ಧರಣಿಗೆ ಬರ್ಬೇಕು. ಮನೇಲಿ ಒಬ್ರೂ ಉಳೀಬಾರ್ದು."

ಅಲ್ಲೊಂದು ಕೆಮ್ಮು. ಕೆಮ್ಮಿನ ಹಿಂದೆ, ಒಳಮನೆಯಿಂದ, ಹೆಂಗಸೊಬ್ಬಳ ದನಿ: "ಉಂಡ್ಕಂಡು ಮಾತಾಡಿ, ಗಂಜಿ ಆರಿ ಹೋಯ್ತು." ದೇವಿದಾಸ ಮುಖ ತಿರುಗಿಸಿ ಹೇಳುತ್ತಾನೆ: "ತಡಿ, ಬಂದೆ." ಆಮೇಲೆ ಮತ್ತೆ, ಬಂಧುಗಳೇ.

ಆ ಹೆಂಗಸು ಅವನ ಹೆಂಡತಿ ಹೀರಾ. ಮೊಬೈಲಿನಲ್ಲಿ ಅವಸರಕ್ಕೆ ಹಿಡಿದ ದನಿ ಅದು. ಮರುದಿನ ಚಂದಮಾಡಿ ಇನ್ನೊಮ್ಮೆ ಮಾಡುವುದೆಂದಿತ್ತು. ಮರುದಿನಕ್ಕೆ ಬೇರೆ ಕೆಲಸ, ಅದರ ಮರುದಿನಕ್ಕೆ ಇನ್ನೊಂದು. ಕೊನೆಗೆ ಒಂದು ಮಧ್ಯಾಹ್ನ ದೇವಿದಾಸ ಧರಣಿಯ ಚಪ್ಪರದಲ್ಲಿ ಮೈಕು ಹಿಡಿದುಕೊಂಡೇ ಮುಂದಕ್ಕೆ ವಾಲಿದ. ಹೃದಯ ಎಂದರು ಡಾಕ್ಟರು.

"ಹೊಸಾದು ಮಾಡೂದು ಬೇಡ" ಎಂದ ಹೋರಾಟ ಸಮಿತಿಯ ಕಾರ್ಯದರ್ಶಿ ಪ್ರಕಾಶ. "ಅಣ್ಣನ ದನಿಗೆ ಜನ ಬತ್ರು."

ಜನ ಬಂದರು. ಯಾಕೆ ಬಂದರೆಂಬುದನ್ನು ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ಕಾಶಿ, ದೇವಿದಾಸನ ಅಕ್ಕ, ಒಂದೇ ಮಾತಿನಲ್ಲಿ ಹೇಳಿದಳು: "ಬದ್ಕಿದ್ದಾಗ 'ಇವತ್ತು ಆಗೂದಿಲ್ಲ ಮಾರಾಯ' ಅಂದ್ರೆ ಬೈದು ಸುಮ್ನಾಗ್ತಿದ್ದ. ಸತ್ತವಂಗೆ ಹೆಂಗೆ ಹೇಳೂದು?"

ಹೇಳಲಾರದೆ ಎಲ್ಲರೂ ದಿನವೂ ಬಂದರು. ದೋಣಿಗಳು ದಂಡೆಯಲ್ಲಿ ಒಣಗಿದವು. ಚಪ್ಪರದಲ್ಲಿ ಘೋಷಣೆ ಕೂಗುವಾಗ ಹಿಂದಿನ ಸಾಲಿನ ಮುಷ್ಟಿಗಳು ಒಂದು ಗಳಿಗೆ ತಡವಾಗಿ ಮೇಲೇಳತೊಡಗಿದವು. ಬಂದರಿನ ಮಾತು ನಿಂತು, ಯಾರು ಬಂದಿಲ್ಲ ಎಂಬುದರ ಮಾತೇ ಹೆಚ್ಚಾಯಿತು. ಫ್ಯಾನಿನ ಕೆಳಗೆ ಕೂರುವ ವಿಷಯಕ್ಕೆ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟರು.

ಹೀರಾಳನ್ನು ಗೌರವಾಧ್ಯಕ್ಷೆ ಮಾಡಿದ್ದರು. ಗೌರವ ಎಂದರೆ ಎಲ್ಲ ಕಡೆ ಅವಳನ್ನೇ ಮೊದಲು ಕರೆದೊಯ್ಯುವುದು. ಗಂಡ ಹೋದ ಮೇಲೆ ಅವಳು ಒಂದು ಹಗಲೂ ಮನೆಯಲ್ಲಿ ಉಳಿದಿರಲಿಲ್ಲ. ದಿನಾ ಬೆಳಿಗ್ಗೆ ರಿಕ್ಷಾ ಮನೆಯ ಮುಂದೆ ಬಂದು "ತಡಿ, ಬಂದೆ" ಎಂದಾಗ ಅವಳ ಮುಖ ಬಾಗಿಲಿಗೆ ಹೊರಳುತ್ತಿತ್ತು. ಅದು ಯಂತ್ರವೆಂದು ತಲೆಗೆ ಗೊತ್ತಿತ್ತು, ಕತ್ತಿಗೆ ಗೊತ್ತಿರಲಿಲ್ಲ. ರಿಕ್ಷಾ ಹಿಂತಿರುಗುವುದರೊಳಗೆ ಅವಳು ಸೀರೆ ಸುತ್ತಿಕೊಂಡು ಚಪ್ಪರಕ್ಕೆ ಹೊರಟುಬಿಡುತ್ತಿದ್ದಳು. ಅಲ್ಲಿ ಎರಡು ಸಲ ತಲೆತಿರುಗಿ ಬಿದ್ದಳು. ಅಂಕೋಲೆಯ ಡಾಕ್ಟರು ನಾಡಿ ಹಿಡಿದು, "ನಾಲ್ಕು ದಿನ ಮನೆಯಲ್ಲಿ ಮಲಗಿ. ನಿಮ್ಮ ಯಜಮಾನ್ರಿಗೂ ನಾನು ಇದನ್ನೇ ಹೇಳಿದ್ದೆ" ಎಂದರು.

ಆ ವಾರ ಕಾರವಾರದಲ್ಲಿ ಅಧಿಕಾರಿಗಳಿಗೆ ಮನವಿ ಕೊಡುವುದಿತ್ತು. ಕೊಟ್ಟರು. ಅಧಿಕಾರಿಗಳು ಹಿಂದಿನ ಮನವಿಯನ್ನು ಇಟ್ಟಷ್ಟೇ ಅಚ್ಚುಕಟ್ಟಾಗಿ ಇದನ್ನೂ ಇಟ್ಟುಕೊಂಡರು. ಉಳಿದವರು ಬಸ್ಸು ಹಿಡಿದ ಮೇಲೆ ಹೀರಾ ಅಲ್ಲೇ ಹಬ್ಬುವಾಡದಲ್ಲಿದ್ದ ಮಗಳು ಪ್ರೇಕ್ಷಾಳ ಬಾಡಿಗೆ ಕೋಣೆಗೆ ಹೋದಳು. ಪ್ರೇಕ್ಷಾ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಊಟಕ್ಕೆಂದು ಬಂದಿದ್ದಳು. ಹೀರಾಗೆ ಆ ಕೋಣೆಯೆಂದರೆ ಇಷ್ಟ. ರೋಷನನ ರಿಕ್ಷಾ ಅಲ್ಲಿಗೆ ಬರುವುದಿಲ್ಲ.

ಅವಳು ಗೋಡೆಗೊರಗಿ ಸಮಿತಿಯ ಗ್ರೂಪಿಗೆ ಉತ್ತರ ಒತ್ತುತ್ತಿದ್ದಳು. ಒಂದಕ್ಕೆ ಉತ್ತರಿಸುವುದರೊಳಗೆ ನಾಲ್ಕು ಬರುತ್ತಿದ್ದವು.

"ಅಮ್ಮಾ, ಬಡ್ಸಿದೆ. ಬಾ."

ಹೀರಾ ತಲೆಯೆತ್ತಲಿಲ್ಲ.

"ಅನ್ನ ಆರ್ತದೆ ಅಮ್ಮಾ."

ಒಂದು ಕೆಮ್ಮು. "ತಡಿ, ಬಂದೆ."

ಪ್ರೇಕ್ಷಾಳ ಕೈಯ ಸೌಟು ಸಾರಿನ ಮೇಲೆ ನಿಂತಿತ್ತು.

"ಈಗ ಯಾರ್ ಮಾತಾಡಿದ್ದು?"

"ನಾನೇ, ಮತ್ಯಾರು."

"ಅಲ್ಲ" ಎಂದಳು ಪ್ರೇಕ್ಷಾ. ಅವಳು ಎದ್ದುಹೋಗಿ, ಯಾರೋ ಹಿಂದೆಯೇ ಒಳಗೆ ಬಂದಿರಬಹುದೆನ್ನುವಂತೆ, ಬಾಗಿಲಿನ ಚಿಲಕ ಹಾಕಿದಳು. ವಾಪಸು ಬಂದು ಕೂತು, ಅನ್ನದ ಕಡೆ ನೋಡುತ್ತಾ, "ಒಂದ್ಸಲ ಸಾಕು ನಂಗೆ. ಇನ್ನೊಂದ್ಸಲ ಆಗೂದಿಲ್ಲ" ಎಂದಳು.

ಹೀರಾ ಉಂಡಳು. ಅಂಕೋಲೆಯ ತನಕ ಬಸ್ಸಿನಲ್ಲಿ ಯಾರ ಕೂಡೆಯೂ ಮಾತಾಡಲಿಲ್ಲ. ಬಾಯಿ ತೆರೆದರೆ ಏನು ಹೊರಡುತ್ತದೋ ಅವಳಿಗೆ ತಿಳಿದಿರಲಿಲ್ಲ.

ಮರುದಿನ ರಿಕ್ಷಾಕ್ಕೆ ಅಡ್ಡ ನಿಂತು ಗಂಡನ ದನಿಯಿದ್ದ ಪೆನ್ ಡ್ರೈವ್ ಕೇಳಿದಳು. ರೋಷನ ಇದಕ್ಕೇ ಕಾದಿದ್ದವನ ಹಾಗೆ ಕಿತ್ತು ಕೊಟ್ಟ. "ತಕಳಿ ಹೀರಕ್ಕ. ಖಾಲಿ ರಿಕ್ಷಾದಲ್ಲಿ ಕನ್ನಡಿ ನೋಡೂಕೆ ಆಗ್ತಿಲ್ಲ ನಂಗೆ. ಹಿಂದೆ ಅಣ್ಣ ಕೂತಂಗೆ ಆಗ್ತದೆ. ಬಾಡಿಗೆನೂ ಕೊಡೂದಿಲ್ಲ."

ಸುದ್ದಿ ತಿಳಿದು ಪ್ರಕಾಶ ಓಡಿಬಂದ. "ಅದು ಸಮಿತಿ ಆಸ್ತಿ, ಹೀರಕ್ಕ."

"ಅದ್ರಲ್ಲಿ ನನ್ ದನಿನೂ ಇದ್ಯಲ. ನಂದು ನಾ ತಕಂಡು ಹೋಗ್ತೆ."

"ಜನ ಬರೂದು ನಿಲ್ಸಿದ್ರೆ?"

"ಬಂದವ್ರು ಎಂತ ಮಾಡ್ತಿದ್ರು? ತೂಕಡಿಕೆ. ನೀ ರಂಪಣಿ ಎಳ್ದಿದ್ಯಲ ಪ್ರಕಾಶಾ?"

ಎಳೆದಿದ್ದ. ಆ ದಂಡೆಯಲ್ಲಿ ಎಳೆಯದವರಿರಲಿಲ್ಲ. ಕಡಲಿಗೆ ಬಿಟ್ಟ ರಂಪಣಿ ಬಲೆಯನ್ನು ಊರೇ ಸೇರಿ ಹಗ್ಗ ಹಿಡಿದು ದಂಡೆಗೆ ಎಳೆಯುವಾಗ, ಸಾಲಿನ ಕೊನೆಯಲ್ಲಿದ್ದವನು ಹಗ್ಗ ಬಿಟ್ಟು, ಬರಿಗೈಯಲ್ಲಿ ನಡೆದು, ನೀರಿನ ಅಂಚಿಗೆ ಹೋಗಿ ಮತ್ತೆ ಮೊದಲಿನವನಾಗಿ ಹಿಡಿಯುತ್ತಾನೆ.

"ಕೈ ಬಿಟ್ಟು ನಡ್ಯೂವವ್ನಿಗೆ ಯಾರಾದ್ರೂ ಬೈತ್ರಾ? ಎಲ್ರೂ ಹಿಡ್ದೇ ನಿಂತ್ರೆ ಬಲೆ ಬತ್ತದ್ಯಾ?"

ದಿನಕ್ಕೊಂದು ಕೇರಿಯಂತೆ ಪಾಳಿಯಲ್ಲಿ ಕೂರುವ ಮಾತನ್ನು ಸಮಿತಿಯಲ್ಲಿಡೋಣ ಎಂದ ಪ್ರಕಾಶ. ಸಮಿತಿಯಲ್ಲಿಟ್ಟರು. ವಿರೋಧಿಸುವಷ್ಟು ಕಸುವು ಯಾರಲ್ಲೂ ಉಳಿದಿರಲಿಲ್ಲವಾದ್ದರಿಂದ ಠರಾವು ಸರ್ವಾನುಮತದಿಂದ ಪಾಸಾಯಿತು.

ಸೋಮವಾರ ಬೆಳಿಗ್ಗೆ ರಿಕ್ಷಾದಿಂದ ಹೀರಾಳ ದನಿ ಬಂತು: "ಇವತ್ತು ಕೆಳಗಿನ ಕೇರಿಯವ್ರು ಮಾತ್ರ ಬನ್ನಿ. ಉಳ್ದವ್ರು ಬರೂದು ಬೇಡ. ದೋಣಿ ಇಳ್ಸಿ, ಪೇಟೆಗೆ ಹೋಗಿ, ಇಲ್ಲಾ ಮಲ್ಕಳಿ." ಬಂದೋಬಸ್ತಿಗಿದ್ದ ಪೊಲೀಸಿನವನು ಇದರಲ್ಲೇನೋ ಗುಟ್ಟಿದೆಯೆಂದು ರೋಷನನಿಂದ ಮತ್ತೆ ಮತ್ತೆ ಹಾಕಿಸಿ ಕೇಳಿದನಂತೆ.

ಹೀರಾಳದು ಮೇಲಿನ ಕೇರಿ. ಅವಳು ಮನೆಯಲ್ಲೇ ಇದ್ದಳು. ರಿಕ್ಷಾ ಹೋಯಿತು, ಹಿಂತಿರುಗಿತು. "ತಡಿ, ಬಂದೆ" ಕೇಳುತ್ತಿದ್ದ ಜಾಗಕ್ಕೆ ಬಂದಾಗ ಕತ್ತು ತನ್ನಷ್ಟಕ್ಕೆ ಬಾಗಿಲಿಗೆ ಹೊರಳಿತು. ಬಾಗಿಲಲ್ಲಿ ಬಿಸಿಲಿತ್ತು. ಇಷ್ಟು ದಿನ ಬರುತ್ತೇನೆಂದು ಹೇಳುವವನಾದರೂ ಇದ್ದ. ಅವನನ್ನೂ ಅವಳೇ ಕಿತ್ತು ತೆಗೆದಿದ್ದಳು. ಚಪ್ಪರಕ್ಕೆ ಓಡುತ್ತಿದ್ದದ್ದು ಯಾತಕ್ಕೆಂದು ಆಗ ತಿಳಿಯಿತು. ನೆಲಕ್ಕೆ ಕೂತಳು. ಅಳು ಬಂತು, ಮುಂದೂಡಿ ಮುಂದೂಡಿ ಬಾಕಿಯಾದ ಮನೆಗೆಲಸದಂತೆ, ಮುಗಿಯುವ ಲಕ್ಷಣವಿಲ್ಲದೆ.

ಅದರ ನಡುವೆ ಫೋನು. "ಸರ್ವೆಯವ್ರು ಬಂದ್ರು ಹೀರಕ್ಕ, ಪೊಲೀಸ್ರ ಕೂಡೆ" ಎಂದ ಪ್ರಕಾಶ. "ಈಗ್ಲೇ ಬರ್ಬೇಕು."

ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

"ಕೆಳಗಿನ ಕೇರಿಯವ್ರು ಇಲ್ವಾ?"

"ಇದಾರೆ. ಎಲ್ಲಾ ಇದಾರೆ. ಆದ್ರೆ ನೀವಿಲ್ದೆ..."

ಅವಳು ಬಾಗಿಲ ಚೌಕಟ್ಟು ಹಿಡಿದಳು. ಇಲ್ಲ ಎನ್ನುವ ಮಾತು ಬಾಯಿಗೆ ಹೊಸದು. "ನಾ ನಾಳೆ ಬತ್ತೆ" ಎಂದು ಫೋನು ಕೆಳಗಿಟ್ಟಳು.

ಆಮೇಲಿನ ಹೊತ್ತನ್ನು ಹೇಗೆ ಕಳೆದಳೋ ಅವಳಿಗೇ ಗೊತ್ತು. ದಂಡೆಯ ಕಡೆಯಿಂದ ಬಂದದ್ದು ಜನರ ಕೂಗೋ ತೆರೆಯ ಸದ್ದೋ ಗೊತ್ತಾಗಲಿಲ್ಲ. ಎರಡು ಸಲ ಅಂಗಳಕ್ಕೆ ಇಳಿದು ಹಿಂದೆ ಬಂದಳು.

ಸಂಜೆ ಕಾಶಿ ಬುಟ್ಟಿ ಇಳಿಸಿ ಜಗಲಿಯಲ್ಲಿ ಕಾಲು ಚಾಚಿದಳು. ಬಾಯಿ ತುಂಬ ಸುದ್ದಿಯಿತ್ತು. "ಕೆಳಗಿನ ಕೇರಿ ಹೆಂಗಸ್ರು ಏನ್ ಮಾಡಿದ್ರು ಗೊತ್ತಾ ತಂಗಿ? ಆ ಸರ್ವೆಯವ ಮೂರ್ಕಾಲಿನ ಯಂತ್ರ ನೆಟ್ಟ. ನೆಡ್ತಿದ್ದಂಗೇ ಇವ್ರು ಬಲೆ ತಕಂಡು ಹೋಗಿ ಅದ್ರ ಸುತ್ತ ಒಣಗ್ಸೂಕೆ ಹಾಕಿದ್ರು. ಅವ ಹೇಳ್ತಾ, ತೆಗೀರಿ. ಇವ್ರು ಹೇಳ್ತ್ರು, ಹಸಿ ಅದೆ. ಆಗ ಪೊಲೀಸಿನವ ಮುಂದೆ ಬಂದಾ..."

ಗೋಡೆಗೊರಗಿದ್ದ ಹೀರಾ ಹೂಂಗುಟ್ಟಿದಳು. ಕಣ್ಣು ಮುಚ್ಚಿಬಂದು ಇನ್ನೊಂದು ಹೂಂ ಗಂಟಲಲ್ಲೇ ಉಳಿಯಿತು. ಕಾಶಿಯ ಮಾತು ಕಡಲಾಚೆ ಹೋದಂತೆ ಸಣ್ಣದಾಗುತ್ತಿತ್ತು. ಪೊಲೀಸಿನವನು ಮುಂದೆ ಬಂದು ಏನು ಮಾಡಿದನೆಂಬುದು ಅವಳಿಗೆ ತಿಳಿದದ್ದು ಮರುದಿನ, ಬಿಸಿಲೇರಿದ ಮೇಲೆ.